ತಂಗಿಯ ಹಿತ್ತಲಿನ ಎಲೆಬಳ್ಳಿ

"ಗುರುಗಳೇ, ದೂರದಲ್ಲೊಂದು ಪ್ರತಿ ಭದ್ರವಾಗಿದ್ದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಅವನು ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ರೋಗಿಗಳ ವಿವರವೆಲ್ಲ ಅಲ್ಲಿನ ವರ್ಚುವಲ್ ಮೆಷಿನ್ನುಗಳಲ್ಲಿ, ಅಂದರೆ ಒಂದು ಯಂತ್ರದೊಳಗೇ ತಂತ್ರಾಂಶದಿಂದ ಕಟ್ಟಿದ ಕಂಪ್ಯೂಟರುಗಳಲ್ಲಿ, ಇತ್ತು. ಅವುಗಳ ಪೂರ್ತಿ ಪ್ರತಿ, ಅಂದರೆ ಬ್ಯಾಕಪ್, ದಿನವೂ ದೂರದ ಊರಿನ ಇನ್ನೊಂದು ಕೇಂದ್ರಕ್ಕೆ ತಾನಾಗಿಯೇ ಹೋಗುತ್ತಿತ್ತು. ಹೊಸ ಪ್ರತಿ ತಲುಪಿದೊಡನೆ ಹಳೆಯದು ಅಳಿಯುತ್ತಿತ್ತು. ಜಾಗ ಉಳಿಯಲೆಂದು ಹಾಗೆ ಏರ್ಪಾಡು ಮಾಡಿದವನು ಅವನೇ.

"ಇಲ್ಲಿ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ಅಲ್ಲಿರುವುದನ್ನು ತಂದು ಮತ್ತೆ ನಡೆಸಬಹುದು. ಇನ್ನು ನಾನು ನಿಶ್ಚಿಂತನಲ್ಲವೇ?"

ಗುರು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಹೊಳೆಯ ದಂಡೆಯಲ್ಲಿ ವೀಳ್ಯದೆಲೆಯ ತೋಟವಿತ್ತು. ಅವನ ತಾತನ ಕಾಲದಿಂದ ಬಂದ ಬಳ್ಳಿ. ಅಂಥ ಎಲೆ ಸುತ್ತಮುತ್ತ ಎಲ್ಲೂ ಇರಲಿಲ್ಲ, ಏಕೆಂದರೆ ಅವರ ಮನೆಯವರು ಪರರಿಗೆ ಒಂದು ಗೆಣ್ಣನ್ನೂ ಕೊಟ್ಟವರಲ್ಲ. ರೈತ ಮಡಿವಂತ. ಮಿಂದು, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದೇ ತೋಟಕ್ಕೆ ಇಳಿಯುತ್ತಿದ್ದ. ಹೊರಗಿನ ಮೈಲಿಗೆ ಒಳಗೆ ಬರಬಾರದೆಂಬುದೇ ಅವನ ಚಿಂತೆ.

ಹೊಳೆಯನ್ನು ನಂಬುವಂತಿರಲಿಲ್ಲ. ಅದಕ್ಕೇ ಪ್ರತಿವರ್ಷ ಬಳ್ಳಿಯ ತುಂಡುಗಳನ್ನು ದೂರದೂರಿನ ತಂಗಿಯ ಹಿತ್ತಲಿಗೆ ಒಯ್ದು ನೆಡಿಸುತ್ತಿದ್ದ. ಒಂದು ವರ್ಷ ಹೊಳೆ ತೋಟವನ್ನು ಬಳಿದುಕೊಂಡೇ ಹೋಯಿತು. ಹಿತ್ತಲಿನ ಬಳ್ಳಿ ತಂದು ಮತ್ತೆ ತೋಟ ಎಬ್ಬಿಸಿದ. ಊರೆಲ್ಲ ಅವನ ಜಾಣತನವನ್ನು ಹೊಗಳಿತು. ಅಂದಿನಿಂದ ಅವನ ತಲೆ ಸ್ವಲ್ಪ ತಿರುಗಿದ್ದೂ ನಿಜ.

ಮತ್ತೊಂದು ವರ್ಷ ತೋಟದ ಮೂಲೆಯಲ್ಲಿ ಕೆಲವು ಎಲೆಗಳು ಹಳದಿಗೆ ತಿರುಗಿದ್ದವು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡು, ಎಂದಿನಂತೆ ಬಳ್ಳಿ ಕತ್ತರಿಸಿ ತಂಗಿಯ ಮನೆಗೆ ಹೊತ್ತೊಯ್ದ.

ತಂಗಿ ಹಿತ್ತಲಿನಲ್ಲಿ ನಿಂತು ಹೇಳಿದಳು: "ಹೋದ್ವರ್ಷದ ಬಳ್ಳಿ ಎಷ್ಟು ಚೆನ್ನಾಗಿ ಹಬ್ಬಿದೆ ನೋಡಣ್ಣ. ಕೀಳೋಕೆ ಮನಸ್ಸು ಬರಲ್ಲ. ಒಂದು ಸಾಲಾದ್ರೂ ಇರ್ಲಿ ಬಿಡು."

"ಇರೋದೇ ಗೇಣು ಜಾಗ. ಹಳೇದನ್ನ ಇಟ್ಕೊಂಡು ಏನು ಪೂಜೆ ಮಾಡ್ತೀಯಾ? ಕಿತ್ತು ಹಾಕಮ್ಮ."

ಅವಳು ಅಣ್ಣನ ಮಾತು ಮೀರಿದವಳಲ್ಲ. ಕಿತ್ತಳು. ಅಲ್ಲೇ ಹೊಸದನ್ನು ನೆಟ್ಟು ನೀರು ಹಾಕಿದಳು.

ಮಳೆ ಹಿಡಿದ ಮೇಲೆ ರೈತನ ತೋಟ ಸಾಲುಸಾಲಾಗಿ ಮಲಗಿತು. ಬುಡ ಮುಟ್ಟಿದರೆ ಕೊಳೆತು ಕೈಗೆ ಬರುತ್ತಿತ್ತು. ಆದರೂ ಅವನು ಹೆದರಲಿಲ್ಲ. ಬುಟ್ಟಿ ಹಿಡಿದು ತಂಗಿಯ ಊರಿಗೆ ನಡೆದ. ಅವಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯದೆ ನೇರವಾಗಿ ಹಿತ್ತಲಿಗೆ ಕರೆದೊಯ್ದಳು. ಅಲ್ಲಿಯೂ ಬುಡಗಳು ಕಪ್ಪಾಗಿ ಕೊಳೆತಿದ್ದವು.

"ಹೋದ್ವರ್ಷದ್ದು?" ಎಂದ.

"ನೀನೇ ಹೇಳಿದ್ಯಲ್ಲ ಅಣ್ಣ," ಎಂದು ಅವಳು ಅತ್ತುಬಿಟ್ಟಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊಳೆಗೆ ಹೆದರಿ ದೂರ ಇಟ್ಟ ಬಳ್ಳಿಗೆ ರೋಗವನ್ನು ಹೊತ್ತು ತಂದದ್ದು ತನ್ನ ಹೆಗಲೇ ಎಂದು ಅವನಿಗೆ ಅರ್ಥವಾಯಿತು. ಕಾಲು ತೊಳೆದು ಇಳಿದ ತೋಟದಿಂದಲೇ ಮೈಲಿಗೆ ಹೊರಟಿತ್ತು. ಆಮೇಲೆ ಬೇರೆ ಕಡೆಯ ಬಳ್ಳಿ ತಂದು ನೆಟ್ಟ, ಎಲೆಯೂ ಬಂತು. ಆದರೆ ಯಾರಾದರೂ ತಾಂಬೂಲದ ತಟ್ಟೆ ಮುಂದೆ ಚಾಚಿದಾಗ ಅವನ ಕೈ ಹಿಂಜರಿಯುತ್ತಿತ್ತು. ಒಂದು ಸಾಲು, ಒಂದೇ ಒಂದು ಸಾಲು ಬಿಡು ಎಂದಿದ್ದಳಲ್ಲ ಎಂಬ ಸಂಕಟ ಅವನನ್ನು ಸಾಯುವವರೆಗೂ ಬಿಡಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಆ ತಂಗಿಯ ಮೇಲೆಯೇ ಸಿಟ್ಟು ಬಂದಿತ್ತು.

"ಅವಳಾದರೂ ಅಣ್ಣನಿಗೆ ತಿಳಿಯದಂತೆ ಒಂದು ಬಳ್ಳಿ ಉಳಿಸಿಕೊಳ್ಳಬಾರದಿತ್ತೇ, ಗುರುಗಳೇ?"

"ಅವಳು ಒಂದು ಸಲವಾದರೂ ಬೇಡಿಕೊಂಡಳಪ್ಪ, ನಿನ್ನ ಯಂತ್ರ ಅಷ್ಟನ್ನೂ ಮಾಡದೆ, ಬಂದ ಪ್ರತಿ ಕೆಟ್ಟಿದ್ದರೂ ಹಳೆಯದನ್ನು ಅಳಿಸಿಬಿಡುತ್ತದೆ."