ಹೆಸರು ಹೇಳದೆ ಕಣ್ಣು ಕೊರೆದ ಪಾಲಿ

ಒಂದಾನೊಂದು ಕಾಲದಲ್ಲಿ, ಹಗರಿ ಹೊಳೇಲಿ ವರ್ಷಪೂರ್ತಿ ನೀರು ಹರೀತಿತ್ತು ಅಂತಾರಲ್ಲ, ಆ ಕಾಲದಲ್ಲಿ, ತಿಮ್ಮಾಜಿ ಅಂತ ಒಬ್ಬ, ಗಾಡಿ ಕಟ್ಕೊಂಡು ಊರೂರು ತಿರುಗಿ ತೊಗಲುಗೊಂಬೆ ಆಡಿಸೋನು ಇದ್ದನಂತೆ. ಅವನಿಗೆ ಮೂರು ಮಕ್ಕಳು. ದೊಡ್ಡೋನು ಕಾಟಯ್ಯ, ನಡುವಿನೋನು ದಾಸಪ್ಪ, ಕೊನೇಲಿ ಹುಟ್ಟಿದೋಳು ಪಾಲಮ್ಮ, ಅವಳನ್ನ ಎಲ್ಲರೂ ಪಾಲಿ ಅಂತ ಕರೀತಿದ್ರು. ಕಾಟಯ್ಯನದು ಗಟ್ಟಿ ಗಂಟಲು, ಅವನು ರಾವಣನ ಮಾತು ಹೇಳಿದರೆ ಮುಂದೆ ಕೂತ ಮಕ್ಕಳು ಉಚ್ಚೆ ಹೊಯ್ಕೊಳ್ತಿದ್ವಂತೆ. ದಾಸಪ್ಪನದು ಚುರುಕು ನಾಲಿಗೆ, ಯಾರು ಏನಂದ್ರೂ ತಿರುಗಿ ಒಂದು ಮಾತು ಇಟ್ಟೇ ಇರ್ತಿದ್ದ. ಪಾಲಿ ಮಾತ್ರ ಅಂಜುಬುರುಕಿ. ಓತಿಕ್ಯಾತ ಕಂಡರೆ ಹೆದರೋಳು, ಗುಡುಗಿದರೆ ಹೆದರೋಳು, ಯಾರಾದ್ರೂ ಜೋರಾಗಿ ಕೆಮ್ಮಿದರೂ ಅವ್ವನ ಸೆರಗು ಹಿಡಿಯೋಳು. ನಿನ್ನ ಹಾಗೇ ಅಂದ್ಕೊ. ಸಿಟ್ಟು ಮಾಡ್ಕೋಬೇಡ, ಹೊದಿಕೆ ಎಳ್ಕೊ.

ಆ ಮಂದಿಯಲ್ಲಿ ಒಂದು ಕಟ್ಟುಪಾಡು ಇತ್ತಂತೆ. ಮೇಕೆ ತೊಗಲು ಹದ ಮಾಡಿ, ಗೊಂಬೆ ಕತ್ತರಿಸಿ, ಬಣ್ಣ ತುಂಬಿ, ಕಣ್ಣು ಮಾತ್ರ ಕೊನೆಗೆ ಉಳಿಸೋರು. ಆಮೇಲೆ ತಿಮ್ಮಾಜಿ ಸ್ನಾನ ಮಾಡಿ ಬಂದು ಗೊಂಬೆ ಕಿವೀಲಿ ಅದರ ಹುಟ್ಟು ಹೇಳೋನು. ನೀನು ಇಂಥೋನು, ಇಂಥೋರ ಮಗ, ನಿನ್ನೂರು ಇಂಥದು, ನೀನು ಮಾಡೋ ಕೆಲಸ ಇಂಥದು ಅಂತ. ಅಷ್ಟೂ ಹೇಳಿ ಮುಗಿಸಿ ಉಳಿ ಎತ್ತಿ ಕಣ್ಣು ಕೊರೆಯೋನು. ಯಾಕಂದ್ರೆ ಕಣ್ಣು ಬಿಟ್ಟ ತೊಗಲು ಮೊದಲು ತಾನು ಯಾರು ಅಂತ ನೋಡ್ಕೊಳ್ಳುತ್ತಂತೆ, ಅದು ತಿಳೀಲಿಲ್ಲ ಅಂದ್ರೆ ಎದುರಿಗಿದ್ದೋರನ್ನ ನೋಡೋಕೆ ಶುರುಮಾಡುತ್ತಂತೆ.

ಹೆಣ್ಣುಮಗಳು ಅಂತ ಪಾಲಿ ಕೈಗೆ ಉಳಿ ಕೊಡ್ತಿರಲಿಲ್ಲ. ತೊಗಲು ಕೆರೆಯೋದು, ಬಣ್ಣ ಅರೆಯೋದು, ಇಷ್ಟೇ ಅವಳ ಪಾಲಿಗೆ ಬಂದದ್ದು. ಆದರೆ ಕೈ ಕೇಳಬೇಕಲ್ಲ. ಒಂದು ದಿನ ಅಪ್ಪ ಮುಂದಿನ ಊರಿನ ಗೌಡರ ಹತ್ತಿರ ಆಟ ಗೊತ್ತುಮಾಡೋಕೆ ಹೋದಾಗ, ಉಳಿದ ಒಂದು ತುಂಡು ತೊಗಲು ತಗೊಂಡು, ಗಾಡಿ ಕೆಳಗೆ ಕೂತು ಒಂದು ಹೆಂಗಸಿನ ಗೊಂಬೆ ಕತ್ತರಿಸಿದಳಂತೆ. ಮೂಗು ಬಂತು, ಕೆನ್ನೆ ಬಂತು, ಜಡೆ ಬಂತು. ಎಷ್ಟು ಚೆಂದ ಬಂತು ಅಂದ್ರೆ ಅವಳಿಗೇ ನಂಬಿಕೆ ಬರಲಿಲ್ಲ. ಹೆಸರು ಆಮೇಲೆ ಇಟ್ಟರಾಯ್ತು, ಮುಖ ಪೂರ್ತಿ ಆಗಿದ್ದನ್ನ ಒಂದು ಸಲ ನೋಡೋಣ ಅಂತ ಉಳಿ ಊರಿ ಟಕ್ ಅಂತ ಕಣ್ಣು ಕೊರೆದುಬಿಟ್ಟಳು. ಕೊರೆದು ಮುಗಿಸಿದ ಕೂಡಲೇ ಹುಟ್ಟು ಹೇಳಲಿಲ್ಲ ಅನ್ನೋದು ನೆನಪಾಯ್ತು. ಗೊಂಬೇನ ಕೌದಿ ಕೆಳಗೆ ಬಚ್ಚಿಟ್ಟಳು. ಆಮೇಲೆ ಹೋಗಿ ನೋಡ್ತಾಳೆ, ಕೌದಿ ಇದೆ, ಗೊಂಬೆ ಇಲ್ಲ.

ಅವತ್ತು ಮಟಮಟ ಮಧ್ಯಾಹ್ನ. ಅವ್ವ ಹೊಳೇಲಿ ಒಗೆದ ಸೀರೇನ ಎರಡು ಜಾಲಿ ಮರದ ನಡುವೆ ಹರವಿದ್ದಳಂತೆ. ಕಾಟಯ್ಯ ಆ ಕಡೆ ಬಂದರೆ ಸೀರೆ ಮೇಲೆ ಒಂದು ಹೆಂಗಸಿನ ನೆರಳು. ಹಿಂದೆ ಹೋಗಿ ನೋಡಿದ, ಯಾರೂ ಇಲ್ಲ. ಮುಂದೆ ಬಂದ, ನೆರಳು ಹಾಗೇ ನಿಂತಿದೆ. ನೆರಳು ಅವನ ಕಡೆ ತಿರುಗಿ, ನಾನು ಯಾರು ಹೇಳಪ್ಪ ಅಂತ ಕೇಳ್ತಂತೆ. ನಮ್ಮ ಕಾಟಯ್ಯನಿಗೆ ಹೆದರಿಕೆ ಆಯ್ತು, ಆದರೆ ಗಂಡಸು ನೋಡು, ಒಪ್ಕೋತಾನಾ. ಎದೆ ಉಬ್ಬಿಸಿ, ನೀನು ಯಾರೋ ನನಗೇನು ಗೊತ್ತು, ನಾನು ತಿಮ್ಮಾಜಿ ಮಗ ಕಾಟಯ್ಯ ಅಂತ ಗುಡುಗಿದ. ಹಾಗಾದ್ರೆ ನಾನೇ ಕಾಟಯ್ಯ ಅಂತು ನೆರಳು. ಅಂದದ್ದು ಕಾಟಯ್ಯನ ಗಂಟಲಿನಲ್ಲೇ.

ಅವ್ವ ಬಂದು ನೋಡಿದರೆ ಮಗ ಸುಮ್ಮನೆ ನಿಂತಿದ್ದಾನೆ, ಗರ ಬಡಿದೋರ ಹಾಗೆ. ಕಾಟಯ್ಯ ಅಂತ ಕರೆದಳು, ತಿರುಗಲಿಲ್ಲ. ಮುಖ ಹಿಡಿದು ಅಲ್ಲಾಡಿಸಿದಳು, ಯಾರೋ ದಾರಿಹೋಕಳನ್ನ ನೋಡಿದ ಹಾಗೆ ನೋಡಿದ. ಕೈ ಎತ್ತಿ ಬಿಸಿಲಿಗೆ ಅಡ್ಡ ಹಿಡಿದನಂತೆ, ಅಂಗೈ ಒಳಗಿಂದ ಬೆಳಕು ಹಾದು ಬಂತು, ಹದ ಮಾಡಿದ ತೊಗಲಿನಲ್ಲಿ ಬರ್ತದಲ್ಲ, ಹಾಗೆ. ಸೀರೆ ಕಡೆಯಿಂದ ಮಾತ್ರ, ನಾನೇ ಕಾಟಯ್ಯ ಅಂತ ಮಗನ ಗಂಟಲು ಕೇಳಿಸ್ತಿತ್ತು, ಅವ್ವ ಅವನನ್ನ ಗುಡಾರಕ್ಕೆ ಎಳ್ಕೊಂಡು ಓಡಿದಳು.

ಮಾರನೇ ದಿನ ದಾಸಪ್ಪ, ಅಣ್ಣನ ಹೆಸರು ನಾನು ಬಿಡಿಸ್ಕೊಂಡು ಬರ್ತೀನಿ, ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನೆ ಅಂತ ಹೊರಟನಂತೆ. ಗುಡಾರದ ಬಟ್ಟೆ ಮೇಲೆ ನೆರಳು ಕಾಣಿಸ್ಕೊಂಡಿತು, ಹಿಂದಿನ ದಿನಕ್ಕಿಂತ ದೊಡ್ಡದಾಗಿ. ನಾನು ಯಾರು ಅಂತ ಕೇಳ್ತು. ನೀನು ಶೂರ್ಪನಖಿ ಅಂದ ದಾಸಪ್ಪ. ಅವಳು ನಿಮ್ಮ ಗೊಂಬೆ ಪೆಟ್ಟಿಗೇಲಿ ಮಲಗಿದ್ದಾಳೆ, ಅವಳ ಹೆಸರು ಅವಳಿಗೆ ಬೇಕು ಅಂತು ನೆರಳು. ನೀನು ಮಂಡೋದರಿ ಅಂದ. ಅವಳೂ ಅಲ್ಲೇ ಇದ್ದಾಳೆ ಅಂತು. ಆಮೇಲೆ ನೆರಳು, ಅದೆಲ್ಲ ಇರಲಿ, ನೀನು ಯಾರು ಅಂತ ಕೇಳ್ತು. ದಾಸಪ್ಪ ಜಾಣ, ತುಟಿ ಎರಡು ಮಾಡಲಿಲ್ಲ. ಹಲ್ಲು ಕಚ್ಕೊಂಡು ನಿಂತ. ಅಷ್ಟರಲ್ಲಿ ಒಲೆ ಮುಂದಿಂದ ಅವ್ವ ಕೂಗಿದಳು. ದಾಸಪ್ಪಾ, ಮುದ್ದೆ ಆರಿ ಹೋಗ್ತದೆ ಬಾರೋ ಅಂತ.

ಮುಗೀತು. ಹೆತ್ತೋಳ ಬಾಯಿಂದಲೇ ಮಗನ ಹೆಸರು ಹೋಯ್ತು. ದಾಸಪ್ಪಾ ದಾಸಪ್ಪಾ ಅಂತ ನೆರಳು ಚಪ್ಪಾಳೆ ತಟ್ಕೊಂಡು ನಕ್ಕಿತಂತೆ, ಅವನದೇ ನಗು.

ಗೋಡೆ ಕಡೆ ಯಾಕೆ ನೋಡ್ತೀಯ, ಅದು ನಿಮ್ಮಪ್ಪನ ಅಂಗಿ. ಈ ಕಡೆ ತಿರುಗು. ಹೆದರಿಕೆ ಆದ್ರೆ ನನ್ನ ಕೈ ಹಿಡ್ಕೊ, ನಡುವೆ ಬಿಡೋಕೆ ಆಗಲ್ಲ ಇಂಥ ಕತೇನ.

ಆಮೇಲೆ ಅಪ್ಪ ಬಂದ. ಬಂದು ಇಬ್ಬರು ಮಕ್ಕಳನ್ನ ಬಿಸಿಲಿಗೆ ನಿಲ್ಲಿಸಿ ನೋಡಿದ. ಇಬ್ಬರ ಮೈಯಿಂದಲೂ ಬೆಳಕು ಹಾಯ್ತಿತ್ತು. ಕಣ್ಣು ಕೊರೆದೋರು ಯಾರು ಅಂತ ಒಂದೇ ಮಾತು ಕೇಳಿದನಂತೆ. ಪಾಲಿ ಅಳ್ತಾ, ನಾನು ಅಪ್ಪ ಅಂದಳು. ಹೊಡೀತಾನೆ ಅಂದ್ಕೊಂಡಿದ್ದಳು, ಅವನು ಹೊಡೀಲಿಲ್ಲ, ನೆಲಕ್ಕೆ ಕುಸಿದು ಕೂತುಬಿಟ್ಟ. ಅದಕ್ಕೇ ಅವಳಿಗೆ ಇನ್ನೂ ಹೆದರಿಕೆ ಆಯ್ತಂತೆ. ನಾಳೆ ಹೊತ್ತು ಮುಳುಗೋದರೊಳಗೆ ಹೆಸರು ವಾಪಸು ಬರದಿದ್ರೆ ಇವರು ತೊಗಲಾಗಿಬಿಡ್ತಾರೆ, ಮಡಿಚಿ ಪೆಟ್ಟಿಗೇಲಿ ಇಡಬೇಕಾಗ್ತದೆ ಅಂದ. ನೀನೇ ಏನಾದ್ರೂ ಮಾಡು ಅಂತ ಅವ್ವ ಅವನ ಕಾಲು ಹಿಡಿದಳು. ಕೊರೆದ ಕೈಯೇ ಅದರ ಹುಟ್ಟು ಹೇಳಬೇಕು, ನನ್ನ ಮಾತು ಅದು ಕೇಳಲ್ಲ ಅಂದ. ಪೆಟ್ಟಿಗೇಲಿರೋ ಹೆಸರು ನಡೆಯಲ್ಲ, ಯಾರೂ ಹೇಳಿರದ ಹುಟ್ಟು ಆಗಬೇಕು, ನಮ್ಮ ಕುಲದಲ್ಲಿ ಇದ್ದ ಕತೆ ಆಡಿಸಿದೋರು ಇದ್ದಾರೆ, ಇಲ್ಲದ ಕತೆ ಕಟ್ಟಿದೋರು ಒಬ್ಬರೂ ಇಲ್ಲ ಅಂದನಂತೆ.

ಮಾರನೇ ದಿನ ಸಂಜೆ ಹೊಳೆ ದಂಡೇಲಿ ಆಟದ ಬಿಳಿ ಪರದೆ ಕಟ್ಟಿದರು. ಪರದೆ ಹಿಂದೆ ಸೂರ್ಯ ಇಳೀತಿದ್ದ. ಪಾಲಿ ಒಬ್ಬಳೇ ಮುಂದೆ ಕೂತಳು. ರೂಢಿಯಂತೆ ಅವ್ವನ ಸೆರಗಿಗೆ ಕೈ ಚಾಚಿದಳು, ಅವ್ವ ಹಿಂದೆಲ್ಲೋ ದೂರ ನಿಂತಿದ್ದಳು. ನೆರಳು ಬಂತು. ಪರದೆ ತುಂಬಾ ಅದೇ. ನಾನು ಯಾರು ಅಂತ ಒಂದು ಸಲ ಕಾಟಯ್ಯನ ಗಂಟಲಲ್ಲಿ ಕೇಳ್ತು, ಒಂದು ಸಲ ದಾಸಪ್ಪನ ಗಂಟಲಲ್ಲಿ ಕೇಳ್ತು.

ನೀನು ರಾಣಿ ಅಂದಳು ಪಾಲಿ. ಯಾವೂರ ರಾಣಿ, ಬೆಳಿಗ್ಗೆ ನಾನು ಏನು ಉಂಡೆ, ನನ್ನ ಗಂಡನ ಹೆಸರೇನು ಅಂತ ನೆರಳು ಕೇಳ್ತು. ಪಾಲಿ ರಾಣೀನ ಅಲ್ಲೇ ಬಿಟ್ಟಳು. ನೀನು ಮಾಟಗಾತಿ ಅಂದಳು. ಯಾರು ಕಲಿಸಿದ್ರು, ಯಾಕೆ ಕಲಿತೆ ಅಂತು. ಸೂರ್ಯ ಹೊಳೆಗೆ ತಾಗ್ತಾ ಬಂದ. ಸುಳ್ಳುಗಾತಿ, ನಿನ್ನ ಹೆಸರು ಕೊಡು ಅಂತ ನೆರಳು ಪರದೆಯಿಂದ ಕೈ ಚಾಚ್ತಂತೆ. ಆ ಕೈ ಮೂಗಿನ ಹತ್ತಿರಕ್ಕೆ ಬಂದಾಗ ಪಾಲಿ ನೋಡ್ತಾಳೆ, ಬೆರಳು ಗಡಗಡ ನಡುಗ್ತಿದೆ. ಗಾಳಿ ಇರಲಿಲ್ಲ. ಪರದೆ ಅಲ್ಲಾಡ್ತಿರಲಿಲ್ಲ. ಬೆರಳು ಮಾತ್ರ.

ಆ ನಡುಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿಂದ ಅದೇ ತಾನೇ ಅವಳ ಪಾಡು.

ಆಗ ಪಾಲಿ, ನೀನು ಹೆದರಿದವಳು ಅಂದಳಂತೆ. ಚಾಚಿದ ಕೈ ಅಲ್ಲೇ ನಿಂತಿತು. ನಿನ್ನ ಹೆಸರು ನಿಂಗಾಜಿ, ನೀನು ಹುಟ್ಟಿದಾಗ ಮನೇಲಿ ಯಾರೂ ಇರಲಿಲ್ಲ ಅಂದಳು. ಆಮೇಲೆ ಅಂತ ಕೇಳ್ತು. ಕರೆಯೋಕೆ ಯಾರೂ ಇಲ್ಲದೆ ನೀನು ಊರೂರು ಅಲೆದೆ, ಬಾಗಿಲು ಬಾಗಿಲಿಗೆ ಹೋಗಿ ಕಿವಿಗೊಟ್ಟೆ, ಒಳಗಡೆ ತಾಯಂದಿರು ಮಕ್ಕಳನ್ನ ಊಟಕ್ಕೆ ಕರೆಯೋದು ಕೇಳಿ ನಿನ್ನ ಹೊಟ್ಟೆ ಉರೀತು ಅಂದಳು. ಆಮೇಲೆ ಅಂತು ನೆರಳು. ಆಮೇಲೆ ನೀನು ಹೆಸರು ಕದ್ದೆ, ಒಂದಲ್ಲ ಎರಡು ಕದ್ದೆ, ಬಾಯಲ್ಲಿ ಇಟ್ಕೊಂಡೆ, ಆದರೆ ಅವು ನಿನಗೆ ಒಗ್ಗಲಿಲ್ಲ, ಯಾರಾದ್ರೂ ಆ ಹೆಸರು ಹಿಡಿದು ಕೂಗಿದರೆ ನೀನು ತಿರುಗಲಿಲ್ಲ. ಆಮೇಲೆ ಅಂತು ನೆರಳು. ಇಷ್ಟು ಹೊತ್ತಿಗೆ ಸೂರ್ಯ ಒಂದು ಎಳೆಯಷ್ಟು ಉಳಿದಿದ್ದ, ಹಿಂದೆ ಅವ್ವ ಸೆರಗು ಬಾಯಿಗೆ ತುರುಕ್ಕೊಂಡು ಅಳ್ತಿದ್ದಳು. ಆಮೇಲೆ ನಿಂಗಾಜಿ ಕದ್ದ ಹೆಸರು ತಾನೇ ವಾಪಸು ಕೊಟ್ಟಳು ಅಂದಳು ಪಾಲಿ.

ನೆರಳು ಒಪ್ಪಲಿಲ್ಲ. ಅವಳು ಯಾಕೆ ಕೊಟ್ಟಾಳು ಅಂತ ಕೇಳ್ತು.

"ಯಾಕಂದ್ರೆ ಈಗ ಅವಳಿಗೆ ತನ್ನದೇ ಒಂದು ಹೆಸರು ಇತ್ತು. ನಿಂಗಾಜಿ, ಬಾರವ್ವ, ಹೊತ್ತಾಯ್ತು."

ಹಾಗೆ ಯಾರೂ ಅದನ್ನ ಕರೆದಿರಲಿಲ್ಲ ನೋಡು. ನೆರಳು ತಿರುಗಿತಂತೆ. ತನ್ನದೇ ಗಂಟಲಲ್ಲಿ, ಸಣ್ಣ ಗಂಟಲು, ಬಂದೆ ಅಂತು. ಸೂರ್ಯ ಮುಳುಗಿದ, ಪರದೆ ಬರಿದಾಯ್ತು, ಪಾಲಿ ಮಡಿಲಲ್ಲಿ ಗೇಣುದ್ದದ ತೊಗಲುಗೊಂಬೆ ಬಿದ್ದಿತ್ತು. ಹಿಂದಿಂದ ಕಾಟಯ್ಯ, ಅವ್ವಾ ಹಸಿವು ಅಂದ. ದಾಸಪ್ಪ, ನನಗೆ ಮೊದಲು ಅಂದ. ಅವ್ವ ಇಬ್ಬರಿಗೂ ಒಂದೊಂದು ಏಟು ಬಿಟ್ಟು, ಅಪ್ಕೊಂಡು ಗೊಳೋ ಅಂತ ಅತ್ತಳಂತೆ.

ತಿಮ್ಮಾಜಿ ತನ್ನ ಉಳೀನ ಪಾಲಿ ಕೈಗೆ ಕೊಟ್ಟ. ಅವಳು ಆಮೇಲೆ ದೊಡ್ಡ ಹೆಸರು ಮಾಡಿದಳು, ಅವಳು ಕಟ್ಟಿದ ಆಟ ಅಂದ್ರೆ ಸುತ್ತ ಹತ್ತೂರು ಗಾಡಿ ಕಟ್ಕೊಂಡು ಬರ್ತಿತ್ತಂತೆ. ಹೆದರಿಕೆ ಹೋಯ್ತಾ ಅಂತ ಕೇಳ್ತೀಯಾ? ಎಲ್ಲಿ ಹೋಗುತ್ತೆ. ಮುದುಕಿ ಆದಮೇಲೂ ಕಣ್ಣು ಕೊರೆಯೋಕೆ ಮುಂಚೆ ಅವಳ ಕೈ ನಡುಗ್ತಿತ್ತಂತೆ. ನಡುಗೋವರೆಗೂ ಅವಳು ಉಳಿ ಊರ್ತಾನೇ ಇರಲಿಲ್ಲವಂತೆ.

ಅವರು ಹೊಳೆ ಆ ಕಡೆ ಸುಖವಾಗಿದ್ರು, ನಾವು ಈ ಕಡೆ ಇದ್ದೀವಿ, ಕತೆ ಕಾಲು ಚಾಚಿ ಮಲಗಿತು. ನೀನೂ ಮಲಗು.