ಮೊಳೆಗೆ ಹಾಕದ ಬಿಲ್ಲೆ

"ಗುರುಗಳೇ, ಕರೆದಿದ್ದರೆ ಬರುತ್ತಿದ್ದವನನ್ನು ಕರೆಯದೆಯೇ ಕೊಲ್ಲುವುದು ನ್ಯಾಯವೇ?" ಎಂದು ಇಂದುಧರ ಕೇಳಿದ.

ಲಿನಕ್ಸ್ ಕಂಪ್ಯೂಟರ್ ಯಂತ್ರಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ಅವನು ಈ ಗುರುಗಳ ಬಳಿ ಕಲಿಯುತ್ತಿದ್ದ. ಒಂದು ಆಸ್ಪತ್ರೆಗಾಗಿ ರಕ್ತಪರೀಕ್ಷೆಯ ಫಲಿತಾಂಶಗಳನ್ನು ದಾಖಲಿಸುವ ಸೇವೆಯೊಂದನ್ನು, ಎಂದರೆ ಸದಾ ಓಡುವ ಪ್ರೋಗ್ರಾಂ ಒಂದನ್ನು, ಬರೆದುಕೊಟ್ಟಿದ್ದ. ಅದು ತೆರೆಯ ಹಿಂದೆ ಸದ್ದಿಲ್ಲದೆ ಓಡುತ್ತಿತ್ತು. ಹಿಂದಿನ ದಿನ ಯಂತ್ರವನ್ನು ಮುಚ್ಚಿದಾಗ ನಾಲ್ವರ ಫಲಿತಾಂಶ ಅರ್ಧಕ್ಕೇ ನಿಂತುಹೋಯಿತು. ಆ ನಾಲ್ವರಿಂದ ಮತ್ತೆ ರಕ್ತ ತೆಗೆಯಬೇಕಾಯಿತು. ಅವರಲ್ಲಿ ಐದು ವರ್ಷದವಳೊಬ್ಬಳು, "ನಿನ್ನೆ ತಾನೇ ಚುಚ್ಚಿದ್ರಲ್ಲ ಮಾಮಾ?" ಎಂದು ಆಸ್ಪತ್ರೆಗೆ ಹೋಗಿದ್ದ ಅವನನ್ನೇ ಕೇಳಿದ್ದಳು.

"'ನಿಲ್ಲು' ಎಂದರೆ ಕೈಯಲ್ಲಿದ್ದುದನ್ನು ಬರೆದು ಮುಗಿಸಿ ನಿಲ್ಲುವಂತೆ ಅದಕ್ಕೆ ಕಲಿಸಿದ್ದೆ. ಯಂತ್ರವನ್ನು ಮುಚ್ಚುವ ಆಜ್ಞೆಗಳ ಸ್ಕ್ರಿಪ್ಟ್ ಉಳಿದ ಸೇವೆಗಳಿಗೆಲ್ಲ ಒಂದೊಂದಾಗಿ ಹೇಳಿತು. ನನ್ನದಕ್ಕೆ ಹೇಳಲೇ ಇಲ್ಲ, ಕೊನೆಗೆ ಒಮ್ಮೆಲೇ ಕೊಂದುಹಾಕಿತು."

"ಶುರುವಾದಾಗ ನಿನ್ನ ಸೇವೆ ತಾನು ಓಡುತ್ತಿದ್ದೇನೆ ಎಂಬ ಗುರುತಿಗೆ ತನ್ನ ಹೆಸರಿನ ಲಾಕ್ ಫೈಲ್ ಇಟ್ಟಿತ್ತೇ? ಸ್ಕ್ರಿಪ್ಟ್ ಅದನ್ನು ನೋಡಿಯೇ ಹೇಳುವುದು."

"ಇಲ್ಲ ಗುರುಗಳೇ. ಅದೊಂದು ಖಾಲಿ ಫೈಲ್, ಏಕೆ ಬೇಕೆಂದುಕೊಂಡೆ. ಸೇವೆ ಓಡುತ್ತಿದ್ದುದು ಯಂತ್ರದ ಪಟ್ಟಿಯಲ್ಲಿ ಕಣ್ಣಿಗೇ ಕಾಣುತ್ತಿತ್ತಲ್ಲ!"

ಗುರುಗಳು ಕತೆ ಹೇಳಿದರು.

ಒಂದು ಚಿನ್ನದ ಗಣಿ. ಒಳಗೆ ಇಳಿಯುವವನು ಗಣಿಯ ಬಾಯಿಯಲ್ಲಿರುವ ಹಲಗೆಯ ಮೊಳೆಗೆ ತನ್ನ ಹೆಸರು ಕೆತ್ತಿದ ಹಿತ್ತಾಳೆ ಬಿಲ್ಲೆ ಹಾಕಬೇಕು. ಹತ್ತಿಬಂದವನು ಅದನ್ನು ತೆಗೆದುಕೊಂಡು ಮನೆಗೆ ಹೋಗಬೇಕು. ಸಂಜೆ ಬಂಡೆ ಸಿಡಿಸುವ ಮುಂಚೆ ಮೇಸ್ತ್ರಿ ಹಲಗೆ ನೋಡಿ ಹೆಸರು ಕೂಗುತ್ತಾನೆ. ಹೆಸರು ಬಾಯಿಂದ ಬಾಯಿಗೆ ಸುರಂಗದ ತುದಿಯವರೆಗೂ ಹೋಗುತ್ತದೆ. ಕೊನೆಗೆ ಇಳಿದವರಿಗೆ ಮೊದಲ ಕೂಗು. ಎಲ್ಲರಿಗಿಂತ ಮುಂಚೆ ಇಳಿದ ದೀಪದವನಿಗೂ ನೀರೆತ್ತುವವನಿಗೂ ಕೊನೆಯ ಕೂಗು. ಅವರು ಮೊದಲೇ ಹತ್ತಿಬಿಟ್ಟರೆ ಉಳಿದವರ ಗತಿಯೇನು? ಕೂಗಿಸಿಕೊಂಡವನಿಗೆ ಕೈಕೆಲಸ ಮುಗಿಸಿ ಬರಲು ಹೊತ್ತು ಕೊಡುತ್ತಾರೆ. ಹಲಗೆ ಖಾಲಿಯಾದ ಮೇಲೆ, ಒಳಗೆ ಯಾರಾದರೂ ಉಳಿದಿದ್ದರೆ ಎಂದು ಒಂದು ಗಂಟೆ ಬಾರಿಸಿ, ಐವತ್ತು ಎಣಿಸಿ, ಸಿಡಿಮದ್ದಿನ ಬತ್ತಿಗೆ ಬೆಂಕಿ ಇಡುತ್ತಾರೆ.

ಅಲ್ಲಿ ಒಬ್ಬ ಮರಗೆಲಸದವನಿದ್ದ. ಸುರಂಗದ ಸೂರು ಕುಸಿಯದಂತೆ ದಿಮ್ಮಿ ನಿಲ್ಲಿಸುವುದು ಅವನ ಕೆಲಸ. ಹಿಂದೊಮ್ಮೆ ಅವನ ಬಿಲ್ಲೆ ಮೊಳೆಯಿಂದ ಕಳೆದುಹೋಗಿತ್ತು. ಅಂದಿನಿಂದ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಇಳಿಯುತ್ತಿದ್ದ.

"ಏನಯ್ಯಾ, ಬಿಲ್ಲೆಯೇನು ನಿನ್ನ ಕೂಸೇ, ಸೊಂಟ ಬಿಟ್ಟು ಇಳಿಯೋದಿಲ್ಲವಲ್ಲ? ಹಲಗೆಗೆ ಹಾಕು," ಎಂದ ಮೇಸ್ತ್ರಿ.

"ನಿಮ್ಮ ಮೊಳೆಗಿಂತ ನನ್ನ ಉಡಿದಾರ ಗಟ್ಟಿ, ಮೇಸ್ತ್ರಿ. ನಾನು ಒಳಗಿರೋದು ನಿಮಗೆ ಗೊತ್ತೇ ಇದೆ. ನನ್ನ ಸುತ್ತಿಗೆ ಸದ್ದು ಊರಿಗೇ ಕೇಳುತ್ತೆ."

ಮೇಸ್ತ್ರಿ ನಕ್ಕು ಅವನನ್ನು ಇಳಿಯಲು ಬಿಟ್ಟ.

ಜತೆಯವರ ಹೆಸರು ಕೂಗಿದಾಗ ಮರಗೆಲಸದವನೂ ಅವರ ಹಿಂದೆಯೇ ಹತ್ತಿಬರುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ತಪ್ಪು ಎರಡು ವರ್ಷ ನಡೆದರೆ ಅದಕ್ಕೆ ಪದ್ಧತಿಯೆಂದು ಹೆಸರು.

ಒಂದು ದಿನ ಅವನು ದೂರದ ಕವಲಿಗೆ ಒಬ್ಬನೇ ಹೋದ. ಸಂಜೆ ಮೇಸ್ತ್ರಿ ಹೆಸರು ಕೂಗಿದ. ಕೂಗಿಸಿಕೊಂಡವರೆಲ್ಲ ಬಂದರು. ಹಲಗೆ ಖಾಲಿಯಾಯಿತು. ಗಂಟೆ ಬಾರಿಸಿದ್ದಾಯಿತು. ಮೇಸ್ತ್ರಿ ಐವತ್ತು ಎಣಿಸಿದ. ಒಂದೂ ಬಿಡದೆ, ನಿಧಾನವಾಗಿಯೇ ಎಣಿಸಿದ. ಬತ್ತಿಗೆ ಬೆಂಕಿ ಇಟ್ಟ.

ಮರುದಿನ ಕವಲಿನಲ್ಲಿ ದಿಮ್ಮಿಯೊಂದು ಅರ್ಧ ನಿಂತಿತ್ತು. ಮರಗೆಲಸದವನು ಸಿಕ್ಕಿದ್ದು ದಾರಿಯ ನಡುವೆ, ಮುಖ ಗಣಿಯ ಬಾಯಿಯ ಕಡೆಗೆ.

ಗುರುಗಳು ಕತೆ ನಿಲ್ಲಿಸಿದರು.  ಇಂದುಧರನಿಗೆ ಒಪ್ಪಿಗೆಯಾಗಲಿಲ್ಲ.

"ಮೇಸ್ತ್ರಿಗೆ ಅವನ ಮುಖ ಗೊತ್ತಿತ್ತು ಗುರುಗಳೇ. ಹಲಗೆಯನ್ನು ಬದಿಗಿಟ್ಟು ಆ ಮುಖವನ್ನು ಒಂದು ಸಲ ನೆನೆದಿದ್ದರೂ ಸಾಕಿತ್ತು, ಜೀವ ಉಳಿಯುತ್ತಿತ್ತು."

ಗುರುಗಳು ಹೇಳಿದರು: "ಆ ಹಲಗೆ ಬರುವ ಮೊದಲು ಅಲ್ಲಿನ ಮೇಸ್ತ್ರಿಗಳೆಲ್ಲ ಮುಖ ನೆನೆದೇ ಕೂಗುತ್ತಿದ್ದರು. ಒಂದು ಮುಖ ಮರೆತ ಮರುದಿನ ಆ ಹಲಗೆ ಬಂತು."