ಕುಡಿಸುವ ಮಾತು

ಕೃಷ್ಣೆಯ ದಡದ ಆಶ್ರಮದಲ್ಲಿ ಸೋಮಲಿಂಗನೆಂಬ ಶಿಷ್ಯನಿದ್ದ. ಹಿಂದೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನು. ಯಾವ ಶಬ್ದ ಸಿಕ್ಕರೂ ಅದರ ಬೇರು ಅಗೆಯದೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಗಂಟು ಕಟ್ಟಿಕೊಂಡು ಗುರುವನ್ನು ಹುಡುಕುತ್ತ ಹೋದ. ಗುರು ಶಿವಲಾಂಬೆಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು. ಅವಳು ಕೊಟ್ಟಿಗೆಯಲ್ಲಿ ಹೊಟ್ಟೆಯುಬ್ಬರಿಸಿ ಬಿದ್ದ ಕರುವಿನ ಪಕ್ಕ ಕೂತಿದ್ದಳು.

"ಅವ್ವ, ನಾನು ಹೊರಟೆ. ನಿಮ್ಮ ಮಾತು ಕೇಳಿ ಉಳಿದವರು ಅಳುತ್ತಾರೆ, ನಗುತ್ತಾರೆ. ನನಗೆ ಅರ್ಥವಾಗುತ್ತದೆ, ಅಷ್ಟೇ. ಏನೂ ತಟ್ಟುವುದಿಲ್ಲ."

"ಹೋಗುವಿಯಂತೆ. ಮೊದಲು ಇದರ ಬಾಯಿ ಹಿಡಿ."

ಅವ್ವ ದನಕ್ಕೆ ಔಷಧಿ ಹೊಯ್ಯುವ ಬಿದಿರಿನ ಗೊಟ್ಟದ ತುಂಬ ಶುಂಠಿ ಬೆಲ್ಲದ ಕಷಾಯ ಬಗ್ಗಿಸಿಕೊಂಡಳು. ಸೋಮಲಿಂಗ ಕರುವಿನ ದವಡೆ ಹಿಡಿದ. ಅದು ಬಾಯಿ ಬಿಡಲಿಲ್ಲ.

"ಹೀಗೆ ದನಕ್ಕೆ ಔಷಧಿ ಕುಡಿಸುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ?"

ಸೋಮಲಿಂಗನ ಮುಖ ಅರಳಿತು. "ಡ್ರೆಂಚ್ ಅಂತಾರೆ, ಅವ್ವ. ಮಳೆಯಲ್ಲಿ ತೊಪ್ಪೆಯಾಗಿ ನೆನೆದರೂ ಅದೇ ಮಾತು. ಆದರೆ ಮೂಲದಲ್ಲಿ 'ಕುಡಿಸು' ಅಂತಲೇ ಅರ್ಥ. ನೆನೆಸುವುದು ಆಮೇಲೆ ಬಂತು."

"ಕುಡಿಸುವುದು ನೆನೆಸುವುದು ಹೇಗಾಯಿತು?"

ಅವನು ಯೋಚಿಸುತ್ತ ನಿಂತ. ಕೈ ಸಡಿಲಾಯಿತು. ಅವ್ವ ಗೊಟ್ಟವನ್ನು ಕರುವಿನ ಬಾಯಿಗಿಟ್ಟು ಎತ್ತಿದಳು. ಕರು ಒಂದು ಗುಟುಕು ನುಂಗಿ ತಲೆ ಕೊಡವಿತು ನೋಡಿ, ಉಳಿದ ಕಷಾಯವೆಲ್ಲ ಸೋಮಲಿಂಗನ ತಲೆ, ಮೂಗು, ಗಡ್ಡ, ಅಂಗಿಯ ಮೇಲೆ!

ಅವನು ಕಣ್ಣು ಮಿಟುಕಿಸಿದ. ತುಟಿಯ ಮೇಲಿನ ಬೆಲ್ಲದ ಹನಿ ನಾಲಗೆಗೆ ತಾಗಿತು.

"ಹೀಗೆ ಆಗಿರಬೇಕು, ಅವ್ವ!" ಎಂದು ಕೂಗಿ ನಕ್ಕ. ಹೊಟ್ಟೆ ಹಿಡಿದುಕೊಂಡು, ಸಗಣಿಯ ಮೇಲೆ ಕೂತು ನಕ್ಕ. ಅವನು ನಕ್ಕದ್ದನ್ನೇ ಕಾಣದ ಆಶ್ರಮದವರು ಓಡಿ ಬಂದು, ನೋಡಿ, ತಾವೂ ನಕ್ಕರು.

ಅವ್ವ ಇನ್ನೊಂದು ಗೊಟ್ಟ ತುಂಬಿದಳು. ಈ ಸಲ ಸೋಮಲಿಂಗ ಕರುವಿನ ಕೊರಳು ತಬ್ಬಿ, "ಕುಡಿಯೋ ನನ್ನಪ್ಪ" ಎಂದು ರಮಿಸಿದ. ಅದು ಕುಡಿಯಿತು.

ಸ್ವಲ್ಪ ಹೊತ್ತಿಗೆ ಡರ್ರನೆ ತೇಗಿತು. ಮತ್ತೊಮ್ಮೆ ತೇಗಿತು. ಆಮೇಲೆ ತಡವರಿಸುತ್ತ ಎದ್ದು ನಿಂತು ತಾಯಿಯ ಕೆಚ್ಚಲಿಗೆ ಮೂತಿಯಿಟ್ಟಿತು. ಅದನ್ನು ನೋಡುತ್ತ ಸೋಮಲಿಂಗನ ಕಣ್ಣು ತುಂಬಿ ಬಂತು. ನಗು ಮಾತ್ರ ನಿಂತಿರಲಿಲ್ಲ.

"ಅವ್ವ, ನಾನು ಈ ಹೊತ್ತು ಹೊರಡಬೇಕಿತ್ತಲ್ಲ?"

ಅವ್ವ ಸೆರಗಿನಿಂದ ಅವನ ಗಡ್ಡ ಒರೆಸಿದಳು.

"ಒದ್ದೆ ಮೈಯಲ್ಲಿ ಯಾರಾದರೂ ದಾರಿ ಹಿಡಿಯುತ್ತಾರೇನಪ್ಪ? ಒಣಗಿದ ದಿನ ಹೋಗುವಿಯಂತೆ."